ಒಂದು ಕೂದಲು ಕಮ್ಮಿ

ಜನವರಿ 9

ಮಾವನಿಗೆ ನಮಸ್ಕಾರ.

ಇಲ್ಲಿಗೆ ಬಂದು ಇವತ್ತಿಗೆ ಹನ್ನೆರಡು ದಿನ. ಕೆಲಸ ಸಿಕ್ಕಿರುವುದು ಗುರಿ ಹೊಡೆಯುವವರ ಕ್ಲಬ್ಬಿನ ರಿಪೇರಿ ಕೋಣೆಯಲ್ಲಿ. ಸ್ಪರ್ಧೆಯ ರೈಫಲ್ಲುಗಳು, ಸದಸ್ಯರ ಮನೆಯ ಹಳೆಯ ಕೋವಿಗಳು ಇಲ್ಲಿಗೆ ಬರುತ್ತವೆ. ಕೋಣೆಯಲ್ಲಿ ನಾವು ಮೂರು ಜನ: ಮೇಸ್ತ್ರಿ, ಎಲ್ಲರೂ ಗುಂಗುರಣ್ಣ ಎಂದು ಕರೆಯುವ ಗುಂಗುರು ಕೂದಲಿನ ಒಬ್ಬರು, ಮತ್ತು ಹೊಸಬಳಾದ ನಾನು. ಉತ್ತರದ ಕಡೆ ಎರಡು ಕಿಟಕಿ. ಕಡೆಯುವ ಲೇತ್ ಯಂತ್ರ ಒಂದೇ. ನಿಮ್ಮ ಕೋವಿ ರಿಪೇರಿ ಅಂಗಡಿಯದಕ್ಕಿಂತ ಚಿಕ್ಕದು, ಸದ್ದು ಮಾತ್ರ ನಿಮ್ಮದಕ್ಕಿಂತ ಜಾಸ್ತಿ.

ಬಂದ ದಿನವೇ ಮೇಸ್ತ್ರಿ ಒಂದು ಮರದ ಪೆಟ್ಟಿಗೆ ಕೈಗಿಟ್ಟರು. ಒಳಗೆ ಎಂಟು ಗೂಡು, ಎಂಟೂ ಖಾಲಿ.

"ಇದ್ರಲ್ಲಿ ಏನಿಡ್ಬೇಕು?" ಎಂದೆ.

"ನಿನ್ನ ಸಾಮಾನು."

"ನನ್ನ ಹತ್ರ ಸಾಮಾನಿಲ್ಲ."

"ಗೊತ್ತು. ಅದಕ್ಕೇ ಖಾಲಿ ಕೊಟ್ಟಿದ್ದು."

ಐದು ಸ್ಕ್ರೂಡ್ರೈವರು, ಪಿನ್ನು ಹೊರದೂಡುವ ಎರಡು ಪಂಚು, ಒಂದು ಹಿತ್ತಾಳೆ ಸುತ್ತಿಗೆ. ಎಲ್ಲವನ್ನೂ ಆ ಲೇತಿನ ಮೇಲೆ ನಾನೇ ಮಾಡಿಕೊಳ್ಳಬೇಕು. ಅಂಗಡಿಯದು ಒಂದೂ ಇರಕೂಡದು. ಜೂನ್ ಕೊನೆಯಲ್ಲಿ ಅವರು ಕೆತ್ತನೆಯ ಸ್ಕ್ರೂಗಳಿರುವ ಹಳೆಯ ಕೋವಿಯೊಂದನ್ನು ಮುಂದಿಡುತ್ತಾರೆ. ನನ್ನ ಸಾಮಾನಿನಿಂದ ಏಳು ಸ್ಕ್ರೂ ಬಿಚ್ಚಿ ಮತ್ತೆ ಕೂರಿಸಬೇಕು. ಯಾವುದಾದರೂ ಒಂದು ಸ್ಕ್ರೂವಿನ ತಲೆಯ ಮೇಲೆ ಬೆಳ್ಳಗೆ ಒಂದು ಗೆರೆ ಕಂಡರೂ ನಾನು ಮನೆಗೆ. ಕಾಣದಿದ್ದರೆ ಕೆಲಸ ಕಾಯಂ.

ಫೋನ್ ಮಾಡಬಹುದಿತ್ತು. ಆದರೆ ಅಳತೆಯನ್ನು ಬಾಯಲ್ಲಿ ಹೇಳಿದರೆ ಐದು ಒಂಬತ್ತಾಗುತ್ತದೆ, ಕಾಗದದ ಮೇಲಿದ್ದರೆ ಮಾತ್ರ ಅಳತೆ ಎಂದು ನೀವೇ ಹೇಳಿಕೊಟ್ಟದ್ದು. ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಬಟ್ಟೆಯ ಸುರುಳಿಯಲ್ಲಿರುವ ಸ್ಕ್ರೂಡ್ರೈವರುಗಳ ಅಳತೆ ಬೇಕು. ಬೇರೇನೂ ಕೇಳುವುದಿಲ್ಲ. ನಾನು ಹೊರಟು ಬಂದ ವಾರದ ಸಂಗತಿ ಈ ಪತ್ರದಲ್ಲಿ ಬೇಡ.

ಅತ್ತೆಗೆ ನೆನಪು ಹೇಳಿ. ನೀವಿಟ್ಟ ಅಡ್ಡಹೆಸರಿನಲ್ಲೇ ಸಹಿ ಹಾಕುತ್ತೇನೆ.

ಇಂತಿ,
ಇಕ್ಕಳ


ಜನವರಿ 21

ಇಕ್ಕಳ,

ಪತ್ರ ತಲುಪಿತು.

ನನ್ನ ಅಳತೆ ನಿನಗೆ ಯಾಕೆ? ನನ್ನ ಸ್ಕ್ರೂಡ್ರೈವರುಗಳು ನನ್ನ ಮುಂದೆ ಬಂದ ಸ್ಕ್ರೂಗಳಿಗೆ ಮಾಡಿದವು. ನಿನ್ನ ಮುಂದೆ ಯಾವ ಸ್ಕ್ರೂ ಇದೆಯೋ ಅದನ್ನು ಅಳೆ.

ಅಂಗಡಿಯ ಸ್ಕ್ರೂಡ್ರೈವರಿನ ತುದಿ ಬೆಣೆಯ ಹಾಗಿರುತ್ತದೆ. ತಿರುಗಿಸಿದರೆ ಮೇಲಕ್ಕೆ ಏರಿ ಸ್ಕ್ರೂ ತಲೆಯ ಸೀಳಿನಿಂದ ಹೊರಗೆ ಜಾರುತ್ತದೆ. ಜಾರಿದರೆ ಏನಾಗುತ್ತದೆ ಎಂದು ನಾನು ಬರೆಯಬೇಕಾಗಿಲ್ಲ. ನಿನ್ನ ಬ್ಲೇಡಿನ, ಅಂದರೆ ಚಪ್ಪಟೆ ತುದಿಯ, ಎರಡು ಮುಖಗಳೂ ಸಮಾನಾಂತರ ಇರಬೇಕು. ಅಗಲ, ಸೀಳಿನ ಪೂರ್ತಿ ಉದ್ದ. ದಪ್ಪ, ಸೀಳಿಗಿಂತ ಒಂದು ಕೂದಲು ಕಮ್ಮಿ. ಎರಡಲ್ಲ.

ಉಕ್ಕನ್ನು ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ ಎಣ್ಣೆಗೆ ಇಳಿಸು. ಆಗ ಅದು ಗಾಜಿನಷ್ಟು ಬಿರುಸು. ಉಜ್ಜಿ ಹೊಳಪು ಮಾಡಿ ಮತ್ತೆ ನಿಧಾನವಾಗಿ ಕಾಯಿಸು. ಮೊದಲು ಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ. ನೇರಳೆ ದಾಟಿ ನೀಲಿ ಬರುವ ಗಳಿಗೆಯಲ್ಲಿ ನಿಲ್ಲಿಸು. ಅದು ಸ್ಕ್ರೂಡ್ರೈವರಿನ ಹದ.

ಸಣ್ಣ ಲೇತ್ ಸದ್ದು ಮಾಡುತ್ತಿದ್ದರೆ ಬೆಲ್ಟು ನೋಡು.

ಮಾವ

(ಇದೇ ಹಾಳೆಯ ಹಿಂಬದಿಯಲ್ಲಿ, ಬೇರೆ ಕೈಬರಹ)

ಇಕ್ಕಳಮ್ಮ, ನಾನು ಅತ್ತೆ. ನಿನ್ನ ಕಾಗದ ಬಂದಾಗ ಉತ್ತರ ಬರೆಯಲ್ಲ ಅಂದ್ರು. ಎರಡು ದಿನ ಆದ್ಮೇಲೆ, "ಅವ್ಳು ಒಳ್ಳೆ ಉಕ್ಕು ಹಾಳು ಮಾಡ್ತಾಳೆ ಕಣೆ" ಅಂದ್ರು. ಇನ್ನೆರಡು ದಿನ ಬಿಟ್ಟು ಬರೆಯಕ್ಕೆ ಕೂತ್ರು. ಐದು ಹಾಳೆ ಹರಿದು ಹಾಕಿದಾರೆ. ಹಾಗಾಗಿ ಇದು ನಿನಗೆ ಬರೆದ ಕಾಗದ ಅಂತ ಬೀಗಬೇಡ, ಉಕ್ಕಿನ ಮೇಲೆ ಕರುಣೆ ಬಂದು ಬರೆದದ್ದು. ಹೊಟ್ಟೆಗೆ ಸರಿಯಾಗಿ ತಿಂತಿದ್ಯಾ?


ಫೆಬ್ರವರಿ 16

ಮಾವನಿಗೆ,

ಬೆಲ್ಟೇ ಆಗಿತ್ತು. ಬದಲಿಸಿದೆ. ಈಗ ಲೇತಿನ ಸದ್ದು ನಿಂತಿದೆ, ಗುಂಗುರಣ್ಣನ ಹಾಡು ಕೇಳಿಸುತ್ತಿದೆ. ಯಾವುದು ವಾಸಿ ಎಂದು ಮೇಸ್ತ್ರಿಗೂ ನನಗೂ ಇನ್ನೂ ತೀರ್ಮಾನವಾಗಿಲ್ಲ.

ಮೂರು ಸ್ಕ್ರೂಡ್ರೈವರು ಮಾಡಿದೆ. ಮೂರೂ ಕೆಟ್ಟವು.

ಮೊದಲನೆಯದಕ್ಕೆ ಸರಳನ್ನು ಲೇತಿನ ಚಕ್ಕಿನ ಹಿಡಿತದಿಂದ ಒಂದು ಗೇಣು ಹೊರಗೆ ಬಿಟ್ಟು ಕಡೆಯಲು ಹೋದೆ. ಅದು ನಡುಗಿ ನಡುಗಿ ಮೈತುಂಬ ಅಲೆ ಎಬ್ಬಿಸಿಕೊಂಡಿತು. ಹೇಗೋ ಸರಿ ಮಾಡಿ ಎಣ್ಣೆಗೆ ಇಳಿಸಿ, ಹದ ಕೊಡುವ ಮೊದಲೇ ಆಸೆ ತಡೆಯಲಾರದೆ ಒಂದು ಸ್ಕ್ರೂ ತಿರುಗಿಸಿ ನೋಡಿದೆ. ತುದಿ ಬಿಸ್ಕತ್ತಿನ ಹಾಗೆ ಮುರಿಯಿತು. ಎರಡನೆಯದಕ್ಕೆ ನೀಲಿಯನ್ನು ದಾಟಿ ಬೂದಿ ಬಣ್ಣದವರೆಗೆ ಹೋಗಿಬಿಟ್ಟೆ. ಅದು ಬಾಗಿತು. ಈಗ ಅದನ್ನು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಬಳಸುತ್ತಿದ್ದೇವೆ. ಆ ಕೆಲಸಕ್ಕೆ ಅದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ.

ಮೂರನೆಯದರ ಹದ ಸರಿಯಾಗಿದೆ. ಚಕ್ಕಿಗೆ ಸಣ್ಣ ಸಾಣೆಚಕ್ರ ಕಟ್ಟಿ, ಬ್ಲೇಡನ್ನು ಅದರ ಎದುರಿಗೆ ಹಿಡಿಸಿ, ಒಂದು ಮುಖ ತೀಡಿ, ತಿರುಗಿಸಿ ಇನ್ನೊಂದು ಮುಖ ತೀಡಿದೆ. ಎರಡೂ ಸಮಾನಾಂತರ. ಸೀಳು, ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಎಂಬತ್ತು ಪಾಲು. ನೀವು ಹೇಳಿದ ಹಾಗೆ ಒಂದು ಕೂದಲು ಕಳೆದು ಬ್ಲೇಡ್ ಮಾಡಿದೆ. ಆದರೂ ಸೀಳಿನೊಳಗೆ ಅದು ಲೊಡಲೊಡ ಅಲ್ಲಾಡುತ್ತದೆ.

ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು, "ಇದು ಸ್ಕ್ರೂಡ್ರೈವರಾ, ಚಮಚಾನಾ?" ಎಂದರು.

"ನಮ್ಮ ಸೋದರಮಾವ ಹೇಳಿದ ಅಳತೆ ಇದು."

"ಹಾಗಾದ್ರೆ ನಿಮ್ಮ ಮಾವ ಊಟಕ್ಕೆ ಕೂತಾಗ ಹೇಳಿರ್ಬೇಕು."

ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ನೀವು ಹೇಳಿದಂತೆಯೇ ಮಾಡಿದ್ದೇನೆ, ಮಾವ. ಒಂದು ಅಕ್ಷರವೂ ತಪ್ಪಿಲ್ಲ.

ಇಕ್ಕಳ


ಫೆಬ್ರವರಿ 23
(ಕಾರ್ಡು)

ನೀನು ಏನನ್ನು ಅಳೆದೆ?

ಮಾವ


ಮಾರ್ಚ್ 2

ಮಾವನಿಗೆ,

ಕೂದಲನ್ನು ಅಳೆದೆ. ನೀವು ಕೂದಲು ಎಂದಿರಿ, ನಾನು ನನ್ನ ತಲೆಯಿಂದ ಒಂದು ಕಿತ್ತು ಮೈಕ್ರೋಮೀಟರಿಗೆ ಕೊಟ್ಟೆ. ನೂರರಲ್ಲಿ ಒಂಬತ್ತು. ಎಂಬತ್ತರಲ್ಲಿ ಒಂಬತ್ತು ಹೋದರೆ ಎಪ್ಪತ್ತೊಂದು. ಬ್ಲೇಡ್ ಎಪ್ಪತ್ತೊಂದು ಇದೆ.

ನಿಮ್ಮ ಕಾರ್ಡು ಬಂದ ಮೇಲೆ ಅನುಮಾನ ಬಂದು ಇನ್ನಷ್ಟು ಕೂದಲು ಅಳೆದೆ. ಗುಂಗುರಣ್ಣನದು ಹನ್ನೊಂದು. ಅವರು ಬಹಳ ಖುಷಿಪಟ್ಟು, "ನೋಡ್ರೀ, ಇಡೀ ಕೋಣೇಲಿ ದಪ್ಪ ನಂದೇ," ಎಂದು ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು. ಕಚೇರಿಯ ಟೈಪಿಸ್ಟ್ ಅಕ್ಕನದು ಏಳು. ಗೇಟಿನ ಕಾವಲುಗಾರರ ಮೀಸೆಯದು ಹದಿನಾಲ್ಕು, ಆದರೆ ಮೀಸೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಗುಂಗುರಣ್ಣ ತಕರಾರು ಎತ್ತಿದರು. ಕೊನೆಗೆ ಮೇಸ್ತ್ರಿಯ ಮುಂದೆ ಹೋಗಿ ನಿಂತೆ. ಅವರು ಟೋಪಿ ತೆಗೆದರು. ಬೋಳು.

"ನನ್ನ ಹತ್ರ ಸೊನ್ನೆ," ಎಂದರು. "ನಂಗೆ ಸ್ಕ್ರೂಡ್ರೈವರು ಬಿಗಿಯಾಗೇ ಕೂರುತ್ತೆ."

ಈಗ ನೀವೇ ಹೇಳಿ. ಯಾರ ಕೂದಲು?

ಇಕ್ಕಳ


ಮಾರ್ಚ್ 11

ಇಕ್ಕಳ,

ತಪ್ಪು ನನ್ನದು. ಅಳತೆ ಎಂದು ಬರೆದದ್ದು ಅಳತೆಯಾಗಿರಲಿಲ್ಲ. ನಾಲ್ಕು ವರ್ಷ ನೀನು ನನ್ನ ಪಕ್ಕದಲ್ಲಿ ನಿಂತಿದ್ದೆ, ನಾನು ದಿನಕ್ಕೆ ಹತ್ತು ಸಲ ಕೂದಲು ಎಂದಿದ್ದೇನೆ, ಆದರೆ ಲೇತಿನ ಹಿಡಿಕೆಯನ್ನು ಒಂದು ಸಲವೂ ನಿನ್ನ ಕೈಗೆ ಕೊಡಲಿಲ್ಲ. ಕೊಟ್ಟಿದ್ದರೆ ಯಾರ ಕೂದಲು ಎಂದು ನೀನು ಆ ದಿನವೇ ಕೇಳುತ್ತಿದ್ದೆ.

ಕೂದಲು ಎಂದರೆ ನೂರರಲ್ಲಿ ನಾಲ್ಕು.

ಅದು ನಿನ್ನ ಅತ್ತೆಯ ಕೂದಲು. ಮದುವೆಯಾದ ವರ್ಷ ಮೊದಲ ಮೈಕ್ರೋಮೀಟರ್ ತಂದೆ. ಅದು ಸರಿ ಇದೆಯೋ ಇಲ್ಲವೋ ನೋಡಲು ತೆಳುವಾದದ್ದು ಏನಾದರೂ ಬೇಕಿತ್ತು. ನನ್ನ ಅಂಗಿಯ ತೋಳಿನ ಮೇಲೆ ಒಂದು ಕೂದಲಿತ್ತು. ನಾಲ್ಕು ತೋರಿಸಿತು. ಅದೇ ದಿನ ಒಂದು ಬ್ಲೇಡನ್ನು ಅಷ್ಟೇ ಕಮ್ಮಿ ಮಾಡಿ ನೋಡಿದೆ, ಸೀಳಿನಲ್ಲಿ ಸರಿಯಾಗಿ ಕೂತಿತು. ಅಂದಿನಿಂದ ಅದೇ ನಡೆದುಕೊಂಡು ಬಂದಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಸಂದರ್ಭ ಬರಲಿಲ್ಲ.

ಎಂಬತ್ತರ ಸೀಳಿಗೆ ಎಪ್ಪತ್ತಾರು ಮಾಡು.

ಮಾವ

(ಹಿಂಬದಿಯಲ್ಲಿ)

ಸಂದರ್ಭ ಬರಲಿಲ್ವಂತೆ! ಮೂವತ್ತನಾಲ್ಕು ವರ್ಷ ಒಂದೇ ತಟ್ಟೆ ಎದುರು ಕೂತಿದೀವಿ. ಇವತ್ತು ಬೆಳಿಗ್ಗೆ ಕಾಗದ ಅಂಟಿಸೋ ಮುಂಚೆ ಓದಿದೆ, ಆಗ ಗೊತ್ತಾಯ್ತು. ಊರಲ್ಲಿರೋ ಕೋವಿಗಳೆಲ್ಲ ನನ್ನ ಕೂದಲ ಲೆಕ್ಕದಲ್ಲಿ ಬಿಚ್ಚಿ ಕಟ್ಟಿರೋದು, ನನಗೇ ಗೊತ್ತಿಲ್ಲ ನೋಡು! ನನ್ನ ತಲೆ ಬಗ್ಗೆ ಈ ಮನುಷ್ಯ ಇಷ್ಟು ವರ್ಷದಲ್ಲಿ ಆಡಿದ ಮಾತು ಒಂದೇ, "ಊಟದಲ್ಲಿ ಕೂದಲು ಬಂತು" ಅಂತ.

ಈಗಿನದು ಎಷ್ಟಿದೆ ಅಳೀರಿ ಅಂದೆ. ಬೇಡ ಅಂದ್ರು. ಬಿಡ್ತೀನಾ? ಕೂತು ಅಳೆಸಿದೆ. ಮೂರು. ಬಿಳಿಯಾಗಿದ್ದಲ್ಲದೆ ಸವೆದೂ ಇದೆ. ಹಾಗಾದ್ರೆ ಇನ್ಮೇಲೆ ಕೂದಲು ಅಂದ್ರೆ ಮೂರಾ ಅಂದೆ. "ಅಳತೆ ಬದಲಾಗಲ್ಲ" ಅಂದ್ರು. ಅಷ್ಟಂದು ಮೈಕ್ರೋಮೀಟರ್ ಒರೆಸಕ್ಕೆ ಶುರು ಮಾಡಿದವರು, ಊಟಕ್ಕೆ ಕರೆಯೋವರೆಗೂ ಒರೆಸ್ತಾನೇ ಇದ್ರು.

ಇದರ ಜೊತೆ ಒಂದು ಕೂದಲು ಅಂಟಿಸಿದೀನಿ. ಕೆಲಸಕ್ಕಲ್ಲ. ಇಟ್ಕೋ.


ಮಾರ್ಚ್ 20

ಮಾವನಿಗೆ, ಅತ್ತೆಗೆ,

ಎಪ್ಪತ್ತಾರು.

ಬ್ಲೇಡನ್ನು ಸೀಳಿಗೆ ಇಳಿಸಿದೆ. ಸದ್ದಿಲ್ಲದೆ ಇಳಿಯಿತು. ಕೈ ಬಿಟ್ಟೆ. ಸ್ಕ್ರೂಡ್ರೈವರು ಬೀಳಲಿಲ್ಲ. ಸ್ಕ್ರೂವಿನ ಮೇಲೆ ತಾನಾಗಿಯೇ ನೆಟ್ಟಗೆ ನಿಂತುಕೊಂಡಿತು. ಗುಂಗುರಣ್ಣನ ಹಾಡು ನಿಂತಿತು. ಮೇಸ್ತ್ರಿ ಎದ್ದು ಬಂದು, ಮೇಜಿನ ಮೇಲೆ ಗುದ್ದಿದರು. ನಿಂತೇ ಇತ್ತು. ಇನ್ನೊಂದು ಸಲ ಗುದ್ದಿದರು.

"ಮೇಸ್ತ್ರಿ, ಮೇಜು ಮುರಿಯುತ್ತೆ," ಎಂದರು ಗುಂಗುರಣ್ಣ.

"ಮೇಜು ಬೇರೆ ಮಾಡ್ಬಹುದು ಕಣಯ್ಯ," ಎಂದು ಮೇಸ್ತ್ರಿ ಮೂರನೆಯ ಸಲ ಗುದ್ದಿದರು.

ಆಮೇಲೆ ನನ್ನ ಕಡೆ ತಿರುಗಿ, "ಯಾರ ಕೂದ್ಲು?" ಎಂದರು.

"ಅತ್ತೇದು."

"ನಮಸ್ಕಾರ ಹೇಳು."

ಅತ್ತೆ, ನಮಸ್ಕಾರ ಹೇಳಿದ್ದೇನೆ. ನೀನು ಕಳಿಸಿದ ಕೂದಲು ಪೆಟ್ಟಿಗೆಯ ಮುಚ್ಚಳದ ಒಳಗಡೆ, ಎರಡು ಗಾಜಿನ ಚೂರುಗಳ ನಡುವೆ ಇದೆ. ಹೊಟ್ಟೆಗೆ ಸರಿಯಾಗಿಯೇ ತಿನ್ನುತ್ತಿದ್ದೇನೆ.

ಇಕ್ಕಳ


ಏಪ್ರಿಲ್ 26

ಮಾವನಿಗೆ,

ಐದು ಸ್ಕ್ರೂಡ್ರೈವರುಗಳೂ ಆದವು. ಹಿಡಿಗಳನ್ನು ಒಂದು ಮುರಿದ ಕುರ್ಚಿಯ ಕಾಲಿನಿಂದ ಕಡೆದೆ. ಒಂದೊಂದರ ಹಿಡಿಯ ಮೇಲೂ ಒಂದರಿಂದ ಐದರವರೆಗೆ ಉಂಗುರ ಕೊರೆದಿದ್ದೇನೆ, ನೋಡದೆ ಬೆರಳಿಗೆ ಗೊತ್ತಾಗಲಿ ಎಂದು. ಎರಡು ಪಂಚುಗಳಲ್ಲಿ ಚಿಕ್ಕದರ ತುದಿ ಒಂದೂವರೆ ಮಿಲಿಮೀಟರ್. ಕಡೆಯುವಾಗ ಉಸಿರು ಹಿಡಿದುಕೊಂಡಿದ್ದೆ. ಸುತ್ತಿಗೆ ಮಾಡುವುದು ಮಾತ್ರ ಆಟದ ಹಾಗೆ ಇತ್ತು, ಹಿತ್ತಾಳೆ ಸುರುಳಿ ಸುರುಳಿಯಾಗಿ ಸುಲಿದು ಬರುತ್ತದೆ, ಕಾಲಕೆಳಗೆಲ್ಲ ಹೊಳಪು. ಎಂಟು ಗೂಡುಗಳೂ ತುಂಬಿವೆ.

ತುಂಬಿದ ಪೆಟ್ಟಿಗೆ ನೋಡಿದರೆ ಖುಷಿಯಾಗಬೇಕು. ಆಗುತ್ತದೆ. ಆದರೆ ಒಂದು ಸಂಗತಿ ಹೇಳದೆ ಅದನ್ನು ಮುಚ್ಚಲು ಆಗುತ್ತಿಲ್ಲ. ಬೇಡ ಎಂದು ಮೊದಲ ಪತ್ರದಲ್ಲಿ ಬರೆದದ್ದು ಅದೇ.

ಹಲ್ಲಿನ ಡಾಕ್ಟರ ಜೋಡುನಳಿಗೆ ಕೋವಿ. ರಿಪೇರಿಗೆ ಬಂದು ಹನ್ನೊಂದು ವರ್ಷದಿಂದ ನಿಮ್ಮ ಕಪಾಟಿನಲ್ಲಿದೆ. ಡಾಕ್ಟರು ವರ್ಷಕ್ಕೊಮ್ಮೆ ಬಂದು, "ನಾನು ದಿನಕ್ಕೆ ಹತ್ತು ಹಲ್ಲು ಕೀಳ್ತೀನಿ, ನೀವು ಹತ್ತು ವರ್ಷಕ್ಕೆ ಒಂದು ಸ್ಕ್ರೂ ಕೀಳಕ್ಕಾಗಲ್ವಾ?" ಎಂದು ನಕ್ಕು ಹೋಗುತ್ತಾರೆ. ಅದು ಅವರ ತಂದೆಯದು. ಅದರ ಕೆಳಗಿನ ಸ್ಕ್ರೂವಿನ ಸೀಳು ಉಗುರಿನ ದಪ್ಪದಷ್ಟು ಕಿರಿದು, ಅದಕ್ಕೆ ಹೊಂದುವ ಬ್ಲೇಡ್ ಇಲ್ಲದೆ ನೀವು ಅದನ್ನು ಮುಟ್ಟಿಲ್ಲ, ನನಗೂ ಮುಟ್ಟಬೇಡ ಎಂದಿದ್ದಿರಿ.

ಡಿಸೆಂಬರಿನಲ್ಲಿ ನೀವು ಉಕ್ಕು ತರಲು ಹೋದ ಮಧ್ಯಾಹ್ನ ನಾನು ಅದನ್ನು ಕಪಾಟಿನಿಂದ ತೆಗೆದೆ. ನೀವು ಬರುವಷ್ಟರಲ್ಲಿ ಬಿಚ್ಚಿಟ್ಟು ನಿಮ್ಮನ್ನು ಬೆರಗುಗೊಳಿಸಬೇಕು ಎಂದಿತ್ತು. ಆಮೇಲಾದರೂ ಲೇತ್ ಮುಟ್ಟಲು ಬಿಡುತ್ತೀರಿ ಎಂದುಕೊಂಡಿದ್ದೆ. ಅಂಗಡಿಯ ಸ್ಕ್ರೂಡ್ರೈವರೊಂದನ್ನು ಅರದಿಂದ ತೆಳ್ಳಗೆ ಮಾಡಿ ತಿರುಗಿಸಿದೆ. ಜಾರಿತು. ಕಪ್ಪು ತಲೆಯ ಮೇಲೆ ಬೆಳ್ಳಗೆ ಒಂದು ಗೆರೆ. ಅದರ ಮೇಲೆ ಕಾಡಿಗೆ ಹಚ್ಚಿ, ಕೋವಿಯನ್ನು ಇದ್ದಲ್ಲೇ ಇಟ್ಟೆ.

ನೀವು ಬಂದು ಕಪಾಟು ತೆಗೆದಿರಿ. ಕೋವಿ ಹೊರಗೆ ತಂದು ಬಟ್ಟೆಯಿಂದ ಸ್ಕ್ರೂ ಒರೆಸಿದಿರಿ. ಬಹಳ ಹೊತ್ತು ನೋಡಿದಿರಿ. ಕೋವಿಯನ್ನು ಒಳಗಿಟ್ಟು, ಇನ್ನೂ ಮೂರು ಗಂಟೆಯ ಬಿಸಿಲಿರುವಾಗಲೇ, ಲೇತಿನ ಮೇಲೆ ಚಾದರ ಹೊದಿಸಿ ಮನೆಯೊಳಗೆ ಹೋದಿರಿ. ಮರುದಿನವೂ ತೆಗೆಯಲಿಲ್ಲ. ಬೈದಿದ್ದರೆ ನಿಲ್ಲುತ್ತಿದ್ದೆ, ಮಾವ. ಆ ಚಾದರ ನೋಡಿಕೊಂಡು ನಿಲ್ಲುವುದು ನನ್ನಿಂದ ಆಗಲಿಲ್ಲ.

ಆ ಗೆರೆ ನನ್ನದು. ನಿಮಗೆ ಗೊತ್ತಿದೆ ಎಂಬುದು ನನಗೆ ಗೊತ್ತು. ಆದರೂ ಕಾಗದದ ಮೇಲೆ ಇರಲಿ.

ಇಕ್ಕಳ


ಮೇ 22

ಇಕ್ಕಳಮ್ಮ,

ನಾನು ಅತ್ತೆ. ಒಂದು ತಿಂಗಳಾಯ್ತು ಕಾಗದ ಇಲ್ಲ ಅಂತ ನೀನು ಏನೇನೋ ಅಂದ್ಕೊಂಡಿರ್ತೀಯ. ಹಾಗೇನಿಲ್ಲ.

ನಿನ್ನ ಕಾಗದ ಓದಿದ್ರು. ಮಡಚಿ ಮೈಕ್ರೋಮೀಟರಿನ ಡಬ್ಬಿ ಒಳಗೆ ಇಟ್ರು. ಮರುದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಲೇತಿನ ಮೇಲಿದ್ದ ಚಾದರ ನನ್ನ ಕೈಗೆ ಬಂತು. "ಒಗೆಯಕ್ಕೆ ಹಾಕು" ಅಂದ್ರು. ಒಗೆಯಕ್ಕೆ ಹಾಕು ಅಂತೆ, ಅದು ನನ್ನ ಹಾಸಿಗೆ ಚಾದರ! ಎರಡರ ಜೋಡಿ ಇತ್ತು, ಡಿಸೆಂಬರಿಂದ ಇನ್ನೊಂದು ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದ್ದೆ. ಎಣ್ಣೆ ಕಲೆ ಹೋಗಲ್ಲ ಬಿಡು.

ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಲೇತ್ ಶುರುವಾಗುತ್ತೆ. ಹತ್ತು ಗಂಟೆಗೆ ನಿಲ್ಲಿಸ್ತಾರೆ. ಹತ್ತರ ಮೇಲೆ ಬಲಗೈ ಸ್ವಲ್ಪ ನಡುಗುತ್ತೆ, ಒಂದು ವರ್ಷದಿಂದ. ನಿನಗೆ ಹೇಳಬೇಡ ಅಂದಿದಾರೆ. ನಾನು ಹೇಳ್ತಾ ಇಲ್ಲ, ಬರೀತಾ ಇದೀನಿ.

ಏನೋ ಚಿಕ್ಕದು ಮಾಡ್ತಾ ಇದಾರೆ. ಕೇಳಿದ್ರೆ ತೋರಿಸಲ್ಲ. ನಾಲ್ಕು ಕೆಟ್ಟಿದೆ, ಐದನೇದು ನಡೀತಿದೆ. ಕೆಟ್ಟಾಗೆಲ್ಲ ನಗ್ತಾರೆ ಕಣೆ. ಅವರು ಕೆಲಸ ಕೆಡಿಸಿ ನಗೋದನ್ನ ನಾನು ಈ ಜನ್ಮದಲ್ಲಿ ನೋಡಿದ್ದು ಇದೇ ಮೊದಲು.

ಅತ್ತೆ


ಜೂನ್ 5

ಇಕ್ಕಳ,

ಇದರ ಜೊತೆ ಒಂದು ಸಣ್ಣ ಪೊಟ್ಟಣ ಇದೆ. ಮೊದಲು ಪತ್ರ ಓದು.

ನೀನು ಬರೆದದ್ದು ಸರಿ. ಆದರೆ ಅರ್ಧ. ಉಳಿದ ಅರ್ಧ ನಿನಗೆ ಗೊತ್ತಿರಲು ಸಾಧ್ಯವಿಲ್ಲ.

ಡಾಕ್ಟರು ಆ ಕೋವಿ ತಂದುಕೊಟ್ಟ ಮೊದಲ ವಾರ, ಹನ್ನೊಂದು ವರ್ಷದ ಹಿಂದೆ, ನಾನು ಆ ಸ್ಕ್ರೂ ಬಿಚ್ಚಲು ಹೋದೆ. ಸೀಳಿಗೆ ತಕ್ಕ ಬ್ಲೇಡ್ ಇರಲಿಲ್ಲ. ಹೊಸದು ಮಾಡಲು ಎರಡು ದಿನ ಬೇಕಿತ್ತು. ಎರಡು ಕೂದಲು ಕಮ್ಮಿ ಇದ್ದ ಒಂದು ಹಳೆಯದು ಕೈಗೆ ಸಿಕ್ಕಿತು. ಇದೊಂದು ಸಲ ಎಂದುಕೊಂಡೆ. ಜಾರಿತು.

ನೀನು ಕಾಡಿಗೆ ಹಚ್ಚಿದೆ. ನಾನು ಶಾಯಿ ಹಚ್ಚಿದ್ದೆ.

ಡಾಕ್ಟರಿಗೆ ಸಮಯ ಬೇಕು ಎಂದೆ. ಅವರು ನಂಬಿದರು. ಆಮೇಲೆ ತಕ್ಕ ಬ್ಲೇಡ್ ಮಾಡಬಹುದಿತ್ತು. ಆದರೆ ಬಿಚ್ಚಿದರೆ ಕೊಡಬೇಕು, ಕೊಟ್ಟರೆ ಅವರು ನೋಡುತ್ತಾರೆ. ಆದ್ದರಿಂದ ಬ್ಲೇಡ್ ಇಲ್ಲ, ಸೀಳು ಬಹಳ ಕಿರಿದು ಎಂದು ಎಲ್ಲರಿಗೂ ಹೇಳುತ್ತ ಬಂದೆ. ನಿನಗೂ ಅದನ್ನೇ ಹೇಳಿದೆ. ಕೆಲಸ ಮುಗಿದಾಗ ಅಲ್ಲಿ ಯಾರೂ ಬಂದು ಹೋದ ಗುರುತು ಇರಬಾರದು ಎಂದು ನಿನಗೆ ಪಾಠ ಹೇಳುತ್ತಿದ್ದವನು ನಾನೇ.

ಆ ಮಧ್ಯಾಹ್ನ ನಿನ್ನ ಕಾಡಿಗೆಯನ್ನು ಒರೆಸಿದೆ. ಬಟ್ಟೆಗೆ ಎಣ್ಣೆ ಇತ್ತು. ಕಾಡಿಗೆಯ ಜೊತೆ ನನ್ನ ಶಾಯಿಯೂ ಬಂತು. ಎರಡು ಗೆರೆಗಳು ಅಕ್ಕಪಕ್ಕ ಕಂಡವು. ನಿನ್ನದು ಯಾವುದು ನನ್ನದು ಯಾವುದು ಎಂದು ಹೇಳುವಂತಿರಲಿಲ್ಲ. ಆ ಸ್ಥಿತಿಯಲ್ಲಿ ನಿನ್ನನ್ನು ಬೈಯಲು ನನಗೆ ಹಕ್ಕಿರಲಿಲ್ಲ. ನಿಜ ಹೇಳಲು ಧೈರ್ಯವಿರಲಿಲ್ಲ. ಚಾದರ ಹೊದಿಸಿದೆ. ಅದು ನಿನ್ನ ಮೇಲಿನ ಸಿಟ್ಟು ಎಂದು ನೀನು ತಿಳಿದುಕೊಂಡೆ. ಹಾಗೆ ತಿಳಿದುಕೊಳ್ಳಲು ನಾನು ಬಿಟ್ಟೆ. ಕೆಲಸದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಅದೇ ದೊಡ್ಡದು.

ಈಗ ಪೊಟ್ಟಣ ಬಿಚ್ಚು. ಹಿತ್ತಾಳೆಯ ಸ್ಕ್ರೂ ತಲೆ. ಡಾಕ್ಟರ ಕೋವಿಯದರ ನಕಲು. ಅದೇ ಸುತ್ತಳತೆ, ಅದೇ ಆಳ, ಸೀಳು ನೂರರಲ್ಲಿ ನಲವತ್ತೈದು. ಐದನೆಯ ಪ್ರಯತ್ನದಲ್ಲಿ ಸರಿಬಂತು. ಗೆರೆಗಳನ್ನು ಮಾತ್ರ ನಕಲು ಮಾಡಿಲ್ಲ.

ಅವರವರ ಸಾಮಾನು ಅವರವರೇ ಮಾಡಿಕೊಳ್ಳಬೇಕು, ಆದ್ದರಿಂದ ಬ್ಲೇಡ್ ಕಳಿಸುತ್ತಿಲ್ಲ. ಇದು ಸಾಮಾನಲ್ಲ, ಪ್ರಶ್ನೆ. ನಿನ್ನ ಪರೀಕ್ಷೆ ಮೊದಲು ಮುಗಿಯಲಿ.

ಮಾವ

(ಹಿಂಬದಿಯಲ್ಲಿ)

ಹನ್ನೊಂದು ವರ್ಷ ಗೆರೆ ಮುಚ್ಚಿಟ್ರು, ಮೂವತ್ತನಾಲ್ಕು ವರ್ಷ ಕೂದಲು ಮುಚ್ಚಿಟ್ರು. ಇನ್ನೂ ಏನೇನಿದೆಯೋ, ಒಂದೇ ಸಲ ಹೇಳಿಬಿಡಿ ಅಂದೆ. ಯೋಚನೆ ಮಾಡಿ, "ನಿನ್ನ ಕತ್ತರಿ ನಾನೇ ಮೊಂಡು ಮಾಡಿದ್ದು" ಅಂದ್ರು. ಅದು ನನಗೆ ಗೊತ್ತಿತ್ತು.


ಜೂನ್ 29

ಮಾವನಿಗೆ, ಅತ್ತೆಗೆ,

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಶುರು, ಮಧ್ಯಾಹ್ನ ಎರಡಕ್ಕೆ ಮುಗಿಯಿತು.

ಸ್ಕ್ರೂಗಳ ತಲೆಯ ಮೇಲೆ ಎಲೆಯ ಕೆತ್ತನೆ. ಎಲೆಯ ನರಗಳ ನಡುವೆಯೇ ಸೀಳು ಹಾದುಹೋಗುತ್ತದೆ. ಒಂದೊಂದನ್ನೂ ಅಳೆದೆ. ಐದಕ್ಕೆ ನನ್ನ ಬ್ಲೇಡುಗಳು ಹೊಂದಿದವು. ಎರಡಕ್ಕೆ ಹೊಂದಲಿಲ್ಲ, ಮೂರು ಕೂದಲು ಸಡಿಲ. ಎಲ್ಲರೂ ನೋಡುತ್ತಿದ್ದರು. ಒಂದು ಗಳಿಗೆ, ಇದೊಂದು ಸಲ ಎಂದು ನನಗೂ ಅನಿಸಿತು. ಆ ಮಾತು ನಿಮ್ಮ ಪತ್ರದಲ್ಲಿ ಓದಿದ್ದೆನಲ್ಲ, ಅದರ ಅಕ್ಷರಗಳೇ ಕಣ್ಣಿಗೆ ಬಂದವು. ಕೆಳಗಿಟ್ಟೆ.

"ಏನು?" ಎಂದರು ಮೇಸ್ತ್ರಿ.

"ಇದಕ್ಕೆ ಬ್ಲೇಡಿಲ್ಲ. ಮಾಡ್ಕೊಂಡು ಬರ್ತೀನಿ."

"ಈಗ್ಲಾ?"

"ಈಗ್ಲೇ. ಒಂದೂವರೆ ಗಂಟೆ ಆಗುತ್ತೆ."

ಮೇಸ್ತ್ರಿ ಗುಂಗುರಣ್ಣನ ಕಡೆ ನೋಡಿ, "ಚಹಾ ತರ್ಸು. ಕಾಯೋಣ," ಎಂದರು.

ಲೇತಿಗೆ ಹೋದೆ. ಮೂರು ಉಂಗುರದ ಹಿಡಿಗೆ ಹೊಸ ಬ್ಲೇಡ್ ಕಡೆದು, ಎಣ್ಣೆಗೆ ಇಳಿಸಿ, ನೀಲಿಯಲ್ಲಿ ನಿಲ್ಲಿಸಿ, ಅತ್ತೆಯ ನಾಲ್ಕು ಕಳೆದು ತೀಡಿ ತಂದೆ. ಉಳಿದ ಎರಡು ಸ್ಕ್ರೂಗಳು, ತಾವೇ ತಿರುಗಬೇಕೆಂದಿದ್ದವರ ಹಾಗೆ ತಿರುಗಿದವು.

ಮತ್ತೆ ಕೂರಿಸಿದ ಮೇಲೆ ಮೇಸ್ತ್ರಿ ಕಿಟಕಿಯ ಹತ್ತಿರ ಕೋವಿ ಒಯ್ದು ಭೂತಗನ್ನಡಿ ಹಿಡಿದರು. ಏಳು ತಲೆಗಳನ್ನೂ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

"ಇಲ್ಲಿ ಯಾರೂ ಬಂದೇ ಇಲ್ವಲ್ಲ," ಎಂದರು.

ಗುಂಗುರಣ್ಣ ಮೇಸ್ತ್ರಿಯ ಬೋಳು ತಲೆಗೆ ಮುತ್ತು ಕೊಟ್ಟು ಬೈಸಿಕೊಂಡರು. ನಾನು ಕುರ್ಚಿ ಎಳೆದುಕೊಂಡು ಆರಿದ ಚಹಾ ಕುಡಿದೆ. ಕೆಲಸ ಕಾಯಂ. ಪರೀಕ್ಷೆಯಲ್ಲಿ ಯಾರೂ ಎದ್ದು ಹೋಗಿ ಬ್ಲೇಡ್ ಮಾಡಿಕೊಂಡು ಬಂದಿರಲಿಲ್ಲವಂತೆ. ಐದೇ ಸ್ಕ್ರೂಡ್ರೈವರು ಮಾಡಿಸಿ ಏಳು ಸ್ಕ್ರೂ ಇಡುವುದು ಅದಕ್ಕೇ ಎಂದು ಮೇಸ್ತ್ರಿ ಆಮೇಲೆ ಹೇಳಿದರು.

ಇನ್ನು ನಿಮ್ಮ ಹಿತ್ತಾಳೆಯ ಪ್ರಶ್ನೆ. ನಾಳೆಯಿಂದ ಶುರು ಮಾಡುತ್ತೇನೆ.

ಇಕ್ಕಳ


ಜುಲೈ 8

ಇಕ್ಕಳ,

ಪತ್ರವನ್ನು ಅತ್ತೆ ಎರಡು ಸಲ ಗಟ್ಟಿಯಾಗಿ ಓದಿದಳು. ಮೂರನೆಯ ಸಲ ನಾನೇ ಓದಿಕೊಂಡೆ. ಎದ್ದು ಹೋಗಿ ಮಾಡಿಕೊಂಡು ಬಂದೆ ಎಂಬಲ್ಲಿ ಸ್ವಲ್ಪ ನಿಲ್ಲಬೇಕಾಯಿತು.

ನಿನ್ನೆ ಡಾಕ್ಟರ ದವಾಖಾನೆಗೆ ಹೋಗಿದ್ದೆ. ಹಲ್ಲು ನೋವಾ ಎಂದರು. ಅಲ್ಲ ಎಂದೆ. ಕೋವಿಯ ವಿಷಯ ಮನೆಯಲ್ಲೇ ಹೇಳಬೇಕು, ಬನ್ನಿ ಎಂದಿದ್ದೇನೆ. ಯಾವಾಗ ಎಂದು ನೀನು ತಿಳಿಸಬೇಕು. ನನ್ನ ಕೈ ಹತ್ತು ಗಂಟೆಯವರೆಗೆ ಮಾತ್ರ ನಂಬಿಕೆಗೆ ಬರುತ್ತದೆ. ಅತ್ತೆ ನಿನಗೆ ಹೇಳಿಲ್ಲ ಎನ್ನುತ್ತಾಳೆ, ಅಂದರೆ ಹೇಳಿದ್ದಾಳೆ.

ಮಾವ

(ಹಿಂಬದಿಯಲ್ಲಿ)

ಮೂರನೇ ಗೆರೆ ಬಿದ್ರೆ ನಾನು ಎಳೆದೆ ಅಂತ ಹೇಳೋಣ. ಡಾಕ್ಟರಿಗೆ ನನ್ನ ಕಂಡ್ರೆ ಹೆದರಿಕೆ.


ಜುಲೈ 15

ಮಾವನಿಗೆ, ಅತ್ತೆಗೆ,

ರಜೆ ಸಿಕ್ಕಿದೆ. ಆರು ದಿನ. ಒಂಬತ್ತನೆಯ ಸಾಮಾನು, ಹೊಸ ಸ್ಕ್ರೂಡ್ರೈವರು ಆಗಿದೆ, ಬ್ಲೇಡ್ ನಲವತ್ತೊಂದು. ನಿಮ್ಮ ಹಿತ್ತಾಳೆ ತಲೆಯ ಮೇಲೆ ನಿಲ್ಲಿಸಿದೆ. ಮೇಸ್ತ್ರಿ ಗುದ್ದಿದರು. ನಿಂತಿತು. ಪೆಟ್ಟಿಗೆಯಲ್ಲಿ ಅದಕ್ಕೆ ಗೂಡಿಲ್ಲ, ಆದ್ದರಿಂದ ಒಂದು ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದೇನೆ.

ಫೋನಿನಲ್ಲಿ ನಾವು ಮೂವರೂ ಒಪ್ಪಿದ್ದು ಕಾಗದದ ಮೇಲೆ ಇರಲಿ:

ದಿನ, ಇದೇ ಇಪ್ಪತ್ತಮೂರು. ಹೊತ್ತು, ಬೆಳಿಗ್ಗೆ ಎಂಟೂವರೆ. ಡಾಕ್ಟರು ಕುರ್ಚಿಯಲ್ಲಿ ಕೂತ ಮೇಲೆ ಮೊದಲು ಎರಡು ಗೆರೆಗಳನ್ನು ತೋರಿಸುವುದು. ನಿಮ್ಮದನ್ನು ನೀವು ಹೇಳುವುದು, ನನ್ನದನ್ನು ನಾನು. ಯಾವುದು ಯಾರದು ಎಂದು ಗೊತ್ತಿಲ್ಲ ಎಂಬುದನ್ನೂ ಹೇಳುವುದು. ಅವರು ಬೇಡ ಎಂದರೆ ಕೋವಿಯನ್ನು ಹಾಗೆಯೇ ಹಿಂದಿರುಗಿಸುವುದು. ಸರಿ ಎಂದರೆ ಅತ್ತೆ ದೀಪ ಹಿಡಿಯುವುದು, ನೀವು ಎರಡೂ ಕೈಯಲ್ಲಿ ಕೋವಿ ಹಿಡಿಯುವುದು, ನಾನು ತಿರುಗಿಸುವುದು. ಎಡಕ್ಕೆ, ಕಾಲು ಸುತ್ತು. ಅಲ್ಲಿ ನಿಲ್ಲಿಸಿ ಉಸಿರು ಬಿಡುವುದು.

ರೈಲು ಇಪ್ಪತ್ತೆರಡಕ್ಕೆ. ಇನ್ನೂ ಏಳು ದಿನ ಇದೆ.

ಇಂತಿ,
ಇಕ್ಕಳ